ಆಲೆಮನೆಯವರು ಕೂಲಿಗೆ ಕೊಡುವ ಬೆಳ್ಳಿ ಬಿಲ್ಲೆಯನ್ನು ಅಂಗಡಿಯಲ್ಲಿ ತೆಗೆದುಕೊಳ್ಳಬಹುದೇ?

ದಿನಸಿ ವ್ಯಾಪಾರಿ, ಪಾಂಡವಪುರ
ನಮ್ಮ ಕಡೆಯ ಆಲೆಮನೆ ಮಾಲೀಕರೊಬ್ಬರು ಆಳುಗಳಿಗೆ ಕೂಲಿಯ ಬದಲು ಬೆಳ್ಳಿ ಬಿಲ್ಲೆ ಕೊಡುತ್ತಿದ್ದಾರೆ. ಒಂದು ಬದಿಯಲ್ಲಿ ಲಕ್ಷ್ಮಿ, ಇನ್ನೊಂದು ಬದಿಯಲ್ಲಿ ಕಬ್ಬಿನ ಜಲ್ಲೆ, ಕೆಳಗೆ ‘500’ ಎಂಬ ಅಚ್ಚು. ಅದನ್ನು ತಂದವರಿಗೆ ನಾನು ಸಾಮಾನು ಕೊಡಬೇಕಂತೆ, ಬಾಕಿಯನ್ನು ಸಣ್ಣ ಬಿಲ್ಲೆಗಳಲ್ಲಿ ಹಿಂದಿರುಗಿಸಬೇಕಂತೆ, ತಿಂಗಳ ಕೊನೆಗೆ ಅವರು ಲೆಕ್ಕ ಚುಕ್ತಾ ಮಾಡುತ್ತಾರಂತೆ. ‘ಅಪ್ಪಟ ಬೆಳ್ಳಿ, ನೋಟಿಗಿಂತ ಮೇಲು’ ಎನ್ನುತ್ತಾರೆ. ನಿನ್ನೆ ಒಬ್ಬ ಹೆಂಗಸು ಬಂದು, ಸಂಘದ ಕಂತಿಗೆ ಇದು ನಡೆಯಲಿಲ್ಲ, ನೋಟು ಕೊಡಿ ಎಂದು ಅಂಗಲಾಚಿದರು. ನನಗೆ ಮನಸ್ಸು ತಡೆಯಲಿಲ್ಲ. ತಿಳಿದವರು ಹೇಳಿ.

ವಕೀಲ, ಮಂಡ್ಯ
ತೆಗೆದುಕೊಳ್ಳಬೇಡಿ ಅಣ್ಣ. ಬೆಳ್ಳಿಯನ್ನು ಇಟ್ಟುಕೊಳ್ಳಲು, ಮಾರಲು, ಉಡುಗೊರೆ ಕೊಡಲು ಅಡ್ಡಿಯಿಲ್ಲ. ಅಕ್ಷಯ ತೃತೀಯಕ್ಕೆ ಮಾರುವ ಲಕ್ಷ್ಮಿ ನಾಣ್ಯ ಬರೀ ಸರಕು. ಈ ಬಿಲ್ಲೆಯನ್ನು ಹಣದಂತೆ ಓಡಾಡಲೆಂದೇ ಅಚ್ಚು ಹಾಕಿಸಿದ್ದಾರೆ. ಹಣವಾಗಿ ಬಳಸಲೆಂದು ಲೋಹದ ತುಂಡನ್ನು ಸರ್ಕಾರದ ಅಧಿಕಾರವಿಲ್ಲದೆ ತಯಾರಿಸುವುದು, ಚಲಾವಣೆಗೆ ಬಿಡುವುದು, ಬಿಡುವ ಉದ್ದೇಶದಿಂದ ಇಟ್ಟುಕೊಳ್ಳುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. ಒಂದು ವರ್ಷದವರೆಗೆ ಸೆರೆ, ದಂಡ ಅಥವಾ ಎರಡೂ. ಬಾಕಿಗೆಂದು ನೀವು ಸಣ್ಣ ಬಿಲ್ಲೆ ಎಣಿಸಿ ಕೊಟ್ಟರೆ ನೀವೂ ಸಿಕ್ಕಿಕೊಳ್ಳುತ್ತೀರಿ. ಕೂಲಿಯನ್ನಂತೂ ಚಲಾವಣೆಯ ನಾಣ್ಯ, ನೋಟು, ಚೆಕ್ ಇಲ್ಲವೇ ಬ್ಯಾಂಕ್ ಖಾತೆಯ ಮೂಲಕವೇ ಕೊಡಬೇಕು. ದುಡಿದವರ ಸಂಬಳವನ್ನು ಒಂದೇ ಅಂಗಡಿಗೆ ಕಟ್ಟಿಹಾಕುವುದು ಅನ್ಯಾಯ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಹಳೆಯ ನಾಣ್ಯ ಸಂಗ್ರಾಹಕ, ಮೈಸೂರು
‘ಅಪ್ಪಟ’ ಎಂಬ ಮಾತಿಗೆ ಮರುಳಾಗಬೇಡಿ. ನನ್ನ ಬಳಿ ಒಂದು ಕಂಠೀರಾಯಿ ಹಣವಿದೆ, ಬೇಳೆಯಷ್ಟು ಪುಟ್ಟ ಚಿನ್ನ. ಒಂದು ಕಾಲಕ್ಕೆ ಮೈಸೂರು ಸೀಮೆಯೆಲ್ಲ ನಡೆದ ನಾಣ್ಯ. ಇಂದು ದೇವರಾಜ ಮಾರುಕಟ್ಟೆಯಲ್ಲಿ ಅದಕ್ಕೆ ಒಂದು ಕಟ್ಟು ಸೊಪ್ಪು ಕೊಡುವವರಿಲ್ಲ. ಅಮೆರಿಕದಲ್ಲಿ ಬರ್ನಾರ್ಡ್ ವಾನ್ ನಾಟ್‌ಹೌಸ್ ಎಂಬವರು ‘ಲಿಬರ್ಟಿ ಡಾಲರ್’ ಹೆಸರಿನಲ್ಲಿ ಬೆಳ್ಳಿ ನಾಣ್ಯ ಚಲಾಯಿಸಿದರು. ಬೆಳ್ಳಿ ನಿಜವಾದದ್ದೇ, ಆದರೂ 2011ರಲ್ಲಿ ಅವರು ತಪ್ಪಿತಸ್ಥರೆಂದು ತೀರ್ಪಾಯಿತು.

ದಿನಸಿ ವ್ಯಾಪಾರಿ, ಪಾಂಡವಪುರ
ಇನ್ನು ಮುಂದೆ ನನ್ನ ಗಲ್ಲಾದಲ್ಲಿ ಬಿಲ್ಲೆಗೆ ಜಾಗವಿಲ್ಲ. ಆದರೆ ಆಳುಗಳ ಕೈಯಲ್ಲಿ ಈಗಾಗಲೇ ಇರುವುದಕ್ಕೆ ಏನು ದಾರಿ?

ವಕೀಲ, ಮಂಡ್ಯ
ಅವಸರಪಟ್ಟು ಕರಗಿಸುವುದಾಗಲಿ ಮಾರುವುದಾಗಲಿ ಬೇಡ, ಅದೇ ಸಾಕ್ಷಿ. ಯಾರಿಗೆ, ಯಾವ ದಿನದ ಕೂಲಿಗೆ, ಎಷ್ಟು ಬಿಲ್ಲೆ ಕೊಟ್ಟರೆಂದು ಬರೆದಿಟ್ಟು, ಎಲ್ಲರೂ ಒಟ್ಟಿಗೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಲಿ. ಅರ್ಜಿಯನ್ನು ನಾನು ಬರೆದುಕೊಡುತ್ತೇನೆ, ಶುಲ್ಕ ಬೇಡ.