ಮಕ್ಕಳಿಗೆ ಜಾರುಬಂಡೆ, ಪ್ರಾಣಿ ಎರಡೂ ಬೇಕು, ಅತ್ತೆಗೆ ಮಂಡಿನೋವು: ಎಲ್ಲಿಗೆ ಹೋಗೋದು?

ವಿನೋಬನಗರದ ಸೊಸೆ:
ನಾವಿರೋದು ದಾವಣಗೆರೆಯಲ್ಲಿ. ಪುಣೆಯಿಂದ ನಾದಿನಿ ಬರುತ್ತಿದ್ದಾಳೆ, ಅವಳ ಮಕ್ಕಳಿಗೆ ನಾಲ್ಕು ಮತ್ತು ಒಂಬತ್ತು ವರ್ಷ. ಅತ್ತೆಗೆ ಮಂಡಿನೋವು, ಜಾಸ್ತಿ ನಡೆಯೋಕಾಗಲ್ಲ. ಆನಗೋಡಿನ ಕಿರು ಮೃಗಾಲಯ, ಚಿತ್ರದುರ್ಗದ ಆಡುಮಲ್ಲೇಶ್ವರ, ಶಿವಮೊಗ್ಗದ ತ್ಯಾವರೆಕೊಪ್ಪ, ಈ ಮೂರರಲ್ಲಿ ಯಾವುದು ಒಳ್ಳೇದು? ನಮಗೆ ಸಿಗೋದು ಮುಂದಿನ ಮಂಗಳವಾರ ಒಂದೇ ದಿನ. ಮಕ್ಕಳ ಜೊತೆ ಹೋಗಿ ಬಂದವರು ದಯವಿಟ್ಟು ಅನುಭವ ಹೇಳಿ.

ಕುವೆಂಪುನಗರದ ತಾತ:
ಮೂರನ್ನೂ ಬಿಡಮ್ಮ, ಮೈಸೂರಿಗೆ ಬನ್ನಿ. 1892ರಿಂದ ಇರುವ ಮೃಗಾಲಯ. ಅದರ ಮುಂದೆ ಮಿಕ್ಕವೆಲ್ಲ ದನದ ಕೊಟ್ಟಿಗೆ. ದಸರಾ ರಜೆಯಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಎಂಟೂವರೆಗೆ ಗೇಟು ತೆಗೆಯುವ ಹೊತ್ತಿಗೆ ನಾವು ಹಾಜರು. ಬ್ಯಾಗಿನಲ್ಲಿದ್ದ ಚಿಪ್ಸ್ ಪೊಟ್ಟಣ ಒಳಗೆ ಬಿಡಲಿಲ್ಲ. ನೀರಿನ ಬಾಟಲಿಗೆ ಸ್ಟಿಕ್ಕರ್ ಅಂಟಿಸಿ ಠೇವಣಿ ಕಟ್ಟಿಸಿಕೊಂಡರು, ವಾಪಸ್ ಬರುವಾಗ ಬಾಟಲಿ ತೋರಿಸಿದರೆ ದುಡ್ಡು ಕೈಗೆ. ನನ್ನ ಅಳಿಯ ಇದಕ್ಕೂ ಗೊಣಗಿದ. ಗೊಣಗಲಿ ಬಿಡಿ, ಒಳಗೆ ಎಷ್ಟು ಚೊಕ್ಕಟವಾಗಿದೆ ಅಂತ ನೋಡಿದ ಮೇಲೆ ಬಾಯಿ ಮುಚ್ಚಿದ.

ಜರ್ಮನಿಯಿಂದ 2021ರಲ್ಲಿ ಬಂದ ಎರಡು ಗೊರಿಲ್ಲಾ ಇವೆ, ಥಾಬೊ ಮತ್ತು ಡೆಂಬಾ. ನಾವು ಹೋದಾಗ ಒಂದು ನಮಗೆ ಬೆನ್ನು ಹಾಕಿ ಕೂತು ದಂಟಿನ ನಾರನ್ನು ಎಳೆ ಎಳೆಯಾಗಿ ಬಿಡಿಸಿ ಪಕ್ಕಕ್ಕಿಟ್ಟು, ಒಳಗಿನದನ್ನು ಮಾತ್ರ ತಿನ್ನುತ್ತಿತ್ತು. ಮೊಮ್ಮಗ ಅಲ್ಲಿಂದ ಕದಲಲೇ ಇಲ್ಲ. ಟಿಕೆಟ್ ಖರ್ಚು ಏನೂ ಅಲ್ಲ, ಹೊರಗಡೆಯೇ ಕೈ ಕಚ್ಚೋದು. ಎಳನೀರು ಒಂದಕ್ಕೆ ₹70. ಹುಲಿ ಕಿವಿಯ ಹೇರ್‌ಬ್ಯಾಂಡ್ ₹150, ಮನೆ ಸೇರುವ ಮೊದಲೇ ಒಂದು ಕಿವಿ ಉದುರಿತು. ಮಧ್ಯಾಹ್ನ ಪಕ್ಕದ ಕಾರಂಜಿ ಕೆರೆಗೆ ಹೋದೆವು. ಅಲ್ಲಿ ದೊಡ್ಡ ಬಲೆಯೊಳಗೇ ನಡೆದು ಹಕ್ಕಿ ನೋಡಬಹುದು. ನನಗೆ ಎಪ್ಪತ್ತೊಂದು ವರ್ಷ, ಪೂರ್ತಿ ನಡೆದೆ. ಮಂಡಿನೋವು ಅನ್ನೋದು ಅರ್ಧ ಮನಸ್ಸಿನದು.

ಇಬ್ಬರು ಹುಡುಗರ ಅಮ್ಮ:
ಎಲ್ಲಿಗಾದರೂ ಹೋಗಿ, ಮುಟ್ಟಿ ಮುದ್ದಾಡುವ ಪ್ರಾಣಿ ಅಂತ ಜಾಹೀರಾತು ಹಾಕುವ ಖಾಸಗಿ ಫಾರ್ಮ್‌ಗಳಿಗೆ ಮಾತ್ರ ಹೋಗಬೇಡಿ. ಬೆಂಗಳೂರಿನ ಹೊರಗೆ ಒಂದಕ್ಕೆ ಹೋಗಿದ್ದೆವು, ಹೆಸರು ಬೇಡ. ಟಿಕೆಟ್ ತಲೆಗೆ ₹700. ಚಿಕ್ಕವನಿಗೆ ಫ್ರೀ ಅಂತ ಫೋನಿನಲ್ಲಿ ಹೇಳಿದ್ದರು. ಗೇಟಿನಲ್ಲಿ ಗೋಡೆಗೆ ಬರೆದ ಜಿರಾಫೆ ಪಕ್ಕ ನಿಲ್ಲಿಸಿ ಎತ್ತರ ನೋಡಿ, ಎರಡು ಬೆರಳು ಜಾಸ್ತಿ ಅಂತ ಅವನಿಗೂ ಪೂರ್ತಿ ವಸೂಲಿ. ಶೂ ಬಿಚ್ಚಿ ಅಳೀರಿ ಅಂದೆ, ಕೇಳಲಿಲ್ಲ. ಮೊಸರನ್ನದ ಡಬ್ಬಿ ಒಳಗೆ ಬಿಡಲಿಲ್ಲ, ಅಲ್ಲಿನ ಬಫೆಯೇ ತಿನ್ನಬೇಕಂತೆ, ತಲೆಗೆ ₹450. ನನ್ನ ಮಕ್ಕಳು ತಿಂದಿದ್ದು ಎರಡು ಹಪ್ಪಳ. ಮೊಲಕ್ಕೆ ತಿನ್ನಿಸುವ ಬುಟ್ಟಿ ₹150, ಅದರಲ್ಲಿ ಎರಡು ಕ್ಯಾರೆಟ್, ಒಂದು ಹಿಡಿ ಹುಲ್ಲು. ಇಬ್ಬರಿಗೂ ಒಂದೊಂದು ಬೇಕು ಅಂತ ಹಟ. ಕುದುರೆ ಸವಾರಿ ₹200ರಂತೆ ಇಬ್ಬರಿಗೆ. ಗಿಣಿ ಜೊತೆ ಫೋಟೊ ₹300. ಪಾರ್ಕಿಂಗ್ ₹100. ಡೀಸೆಲ್ ಬಿಟ್ಟು ಒಟ್ಟು ₹5,700 ಆಯಿತು, ರಸೀದಿಗಳು ಇನ್ನೂ ಇವೆ. ಆ ಮೊಲ ಕ್ಯಾರೆಟ್ ಮೂಸಿಯೂ ನೋಡಲಿಲ್ಲ. ಬೆಳಗ್ಗಿಂದ ಎಲ್ಲರೂ ತುರುಕಿದ್ದಾರೆ, ಅದಕ್ಕೆ ಸಾಕಾಗಿದೆ. ದೊಡ್ಡವನು ಬಲವಂತ ಮಾಡಿದ್ದಕ್ಕೆ ಕೈ ಪರಚಿತು.

ಬಯಲು ಪ್ರೇಮಿ:
ಪರಚಿದ್ದು ಒಳ್ಳೆಯದಾಯಿತು. ಮೊಲದ ಮುಖ್ಯ ಆಹಾರ ಹುಲ್ಲು. ದಿನವಿಡೀ ಕ್ಯಾರೆಟ್ ತಿನ್ನಿಸೋದು ಹಿಂಸೆ. ಇಂಥ ಕಡೆ ದುಡ್ಡು ಕೊಟ್ಟು ಹೋಗುವವರು ಇರೋವರೆಗೂ ಇವು ಇರುತ್ತವೆ. ಮೃಗಾಲಯವೂ ಅಷ್ಟೆ, ಸೆರೆಮನೆ. ದಾವಣಗೆರೆಯಲ್ಲಿದ್ದುಕೊಂಡು ಬೋನು ಯಾಕೆ ನೋಡ್ತೀರಿ? ಪಕ್ಕದಲ್ಲೇ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಇದೆ, 1974ರಲ್ಲಿ ಆದದ್ದು. ನಾವು ಮಗಳನ್ನು ಕರೆದುಕೊಂಡು ನಸುಕಿನಲ್ಲೇ ಹೋದೆವು. ಕರೀ ಗಂಡೊಂದು ಕೊಂಬು ಹಿಂದಕ್ಕೆ ಚೆಲ್ಲಿ ದಾರಿಗೆ ಅಡ್ಡ ಹಾರಿತು. ಆಮೇಲೆ ಹನ್ನೊಂದರವರೆಗೂ ಏನೂ ಕಾಣಲಿಲ್ಲ, ನಿಜ. ಮಗಳು ಉಯ್ಯಾಲೆ ಎಲ್ಲಿ ಅಂತ ಅತ್ತಳು, ಅದೂ ನಿಜ. ಆದರೆ ಆ ಒಂದು ನೆಗೆತ ಸಾಕು.

ಇಬ್ಬರು ಹುಡುಗರ ಅಮ್ಮ:
ಮಗುವಿಗೆ ಗಾಯವಾಗಿದ್ದು ಒಳ್ಳೇದಾಯಿತಾ? ಸ್ವಾಮಿ, ನಿಮ್ಮ ಮಗಳೂ ಅತ್ತಳು ಅಂತ ನೀವೇ ಬರೆದಿದ್ದೀರಿ.

ತುಂಗಾ ತೀರದವನು:
ಕೊಟ್ಟಿಗೆ ಅಂದ ತಾತನವರಿಗೆ ಮೊದಲು. ತ್ಯಾವರೆಕೊಪ್ಪಕ್ಕೆ ಯಾವಾಗ ಬಂದಿದ್ದಿರಿ? ಸಾಗರ ರಸ್ತೆಯಲ್ಲಿ, ಊರಿಂದ ಸುಮಾರು 10 ಕಿಲೋಮೀಟರ್. ಸಫಾರಿ ಬಸ್ಸಿನಲ್ಲಿ ಕೂತಲ್ಲೇ ಹುಲಿ, ಸಿಂಹ ನೋಡಬಹುದು. ನಮ್ಮ ಅಜ್ಜಿ ಚಪ್ಪಲಿ ಬಿಚ್ಚಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸಿಂಹ ನೋಡಿದರು.

ಇನ್ನು ಸೆರೆಮನೆ ಅಂದವರಿಗೆ. ನಮ್ಮಪ್ಪ ಒಂದು ಮೃಗಾಲಯದಲ್ಲಿ ಪ್ರಾಣಿ ನೋಡಿಕೊಳ್ಳುತ್ತಿದ್ದರು. ಸರ್ಕಸ್ಸಿನಲ್ಲಿ ಸಿಂಹ, ಹುಲಿ, ಕರಡಿ ಆಡಿಸಬಾರದು ಅಂತ 1998ರಲ್ಲಿ ಆದೇಶವಾಯಿತು, 2001ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಆ ಪ್ರಾಣಿಗಳು ಎಲ್ಲಿಗೆ ಹೋಗಬೇಕಿತ್ತು, ನಿಮ್ಮ ಬಯಲಿಗಾ? ಬನ್ನೇರುಘಟ್ಟದಂಥ ಕಡೆ ಜಾಗ ಕೊಟ್ಟು ಸಾಕಿದರು. ಬೋನಿನಿಂದ ಅಲ್ಲ, ನೋಡಲು ಬರುವ ಜನರಿಂದಲೇ ಪ್ರಾಣಿಗಳಿಗೆ ಕಾಟ. ಜಿಂಕೆ ಸತ್ತರೆ ಹೊಟ್ಟೆ ಕೊಯ್ದು ನೋಡುವಾಗ ಪ್ಲಾಸ್ಟಿಕ್ ಕವರಿನ ಉಂಡೆ ಸಿಗುತ್ತಿತ್ತು. ಅಪ್ಪ ಅದನ್ನು ತೊಳೆದು, ಒಂದು ಬಾಟಲಿಯಲ್ಲಿ ಹಾಕಿ ಕಿಟಕಿಯಲ್ಲಿಟ್ಟಿದ್ದರು, ಬಂದವರಿಗೆ ತೋರಿಸೋಕೆ. ಪ್ರಾಣಿಗಳಿಗೆ ತಿಂಡಿ ಎಸೆಯೋದು, ಕೆಣಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಯಾರಿಗೆ ಗೊತ್ತು?

ಪ್ಲಾಸ್ಟರ್ ಅಪ್ಪ:
ಎಲ್ಲರೂ ಪ್ರಾಣಿ ಪ್ರಾಣಿ ಅಂತೀರಲ್ಲ, ಆಟದ ಜಾಗ ಯಾರೂ ನೋಡಲ್ವಾ? ನನ್ನ ಮಗನ ಮೊಣಕೈ ಮುರಿದದ್ದು ಪ್ರಾಣಿಯಿಂದಲ್ಲ, ಒಂದು ಪಾರ್ಕಿನ ಏತಪಾತದಿಂದ. ಎದುರಿಗೆ ಕೂತ ದೊಡ್ಡ ಹುಡುಗ ದಿಢೀರ್ ಅಂತ ಇಳಿದ, ನಮ್ಮವನು ದೊಪ್ಪನೆ ಬಿದ್ದ. ಕೆಳಗೆ ಮರಳು ಇರಬೇಕು ತಾನೆ? ಕಾಂಕ್ರೀಟ್! ಎಕ್ಸ್‌ರೇ ₹600. ಮೊದಲ ಪ್ಲಾಸ್ಟರ್ ₹3,500. ಅದು ಸಡಿಲವಾಯಿತು ಅಂತ ಇನ್ನೊಂದು, ಮತ್ತೆ ₹3,500. ಫೈಬರ್ ಪ್ಲಾಸ್ಟರ್ ಹಾಕಿಸಿ, ಸ್ನಾನ ಮಾಡಿಸಬಹುದು ಅಂದರು. ಮಾಡಿಸಿದೆವು, ಒಳಗೆ ನೆನೆದು ತುರಿಕೆ. ಅದಕ್ಕೆ ಮುಲಾಮು ಬೇರೆ. ಮಧ್ಯಾಹ್ನದ ತಗಡಿನ ಜಾರುಬಂಡೆ ಇನ್ನೂ ಮೋಸ. ಚಡ್ಡಿ ಹಾಕಿದ ಮಕ್ಕಳ ತೊಡೆ ಚುರ್ ಅನ್ನುತ್ತೆ. ಅಂಗೈ ಇಟ್ಟು ನೋಡಿ, ಐದು ಎಣಿಸುವವರೆಗೆ ಇಡೋಕಾಗದಿದ್ದರೆ ಹತ್ತಿಸಬೇಡಿ.

ಕುವೆಂಪುನಗರದ ತಾತ:
ಅಪ್ಪ ಬೆಂಚಿನ ಮೇಲೆ ಮೊಬೈಲ್ ತೀಡುತ್ತಾ ಕೂತರೆ ಕಾಂಕ್ರೀಟೂ ಒಂದೇ, ಹತ್ತಿಯೂ ಒಂದೇ.

ಪ್ಲಾಸ್ಟರ್ ಅಪ್ಪ:
ನಾನು ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದೆ. ನೋಡದೇ ಮಾತಾಡಬೇಡಿ. ಮಂಡಿನೋವು ಮನಸ್ಸಿನದು ಅಂತ ಹೇಳುವ ಡಾಕ್ಟರ್ ನೀವು.

ವಿನೋಬನಗರದ ಸೊಸೆ:
ಜಗಳ ಬೇಡ ಪ್ಲೀಸ್. ತ್ಯಾವರೆಕೊಪ್ಪದಲ್ಲಿ ಬಸ್ ಇದೆ ಅಂತ ಗೊತ್ತಾಗಿ ಅತ್ತೆಗೆ ಖುಷಿಯಾಯಿತು. ಹೊನ್ನಾಳಿ ಮೇಲೆ ಹೋಗಿ ಬರೋದು ಅಂತ ಮಂಗಳವಾರಕ್ಕೆ ಗಾಡಿ ಹೇಳಿದ್ದೇವೆ.

ಟಿಫನ್ ಡಬ್ಬಿ:
ಯಾರೂ ಗಮನಿಸಲೇ ಇಲ್ವಾ? ಮಂಗಳವಾರ ತ್ಯಾವರೆಕೊಪ್ಪಕ್ಕೆ ರಜೆ. ಮೈಸೂರಿಗೂ, ಬನ್ನೇರುಘಟ್ಟಕ್ಕೂ ಅವತ್ತೇ ರಜೆ. ಮಂಗಳೂರಿನ ಪಿಲಿಕುಳಕ್ಕೆ ಸೋಮವಾರ. ಆನಗೋಡು, ದುರ್ಗ ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಕುವೆಂಪುನಗರದ ತಾತ:
ದಸರೆಯಲ್ಲಿ ನಮ್ಮಲ್ಲಿ ಮಂಗಳವಾರವೂ ತೆರೆದಿರುತ್ತೆ.

ತುಂಗಾ ತೀರದವನು:
ಈಗ ದಸರೆಯಾ ತಾತ?

ವಿನೋಬನಗರದ ಸೊಸೆ:
ಅಯ್ಯೋ. ಗಾಡಿಯವನಿಗೆ ₹1,000 ಅಡ್ವಾನ್ಸ್ ಕೊಟ್ಟಾಗಿದೆ. ನಾದಿನಿ ಬುಧವಾರ ಬೆಳಗ್ಗೆ ರೈಲು ಹತ್ತುತ್ತಾಳೆ. ಆನಗೋಡಿನಲ್ಲಿ ಹಿರಿಯರಿಗೆ ಕೂರೋಕೆ ಬೆಂಚು ಇದೆಯಾ, ಯಾರಾದರೂ ನೋಡಿದ್ದೀರಾ?

ಬಯಲು ಪ್ರೇಮಿ:
ಸರ್ಕಸ್ ಸಿಂಹ ಎಲ್ಲಿಗೆ ಹೋಗಬೇಕು ಅಂತ ಕೇಳಿದಿರಿ. ಸರಿ, ಒಪ್ಪಿದೆ. ಆದರೆ ನವಿಲನ್ನು ಬಲೆಯೊಳಗೆ ಯಾಕೆ ಹಾಕಬೇಕು? ಅದು ನಮ್ಮ ಹೊಲದಲ್ಲೇ ಇದೆ.

ತುಂಗಾ ತೀರದವನು:
ಇದೆಯಲ್ಲ, ಶೇಂಗಾ ಕಾಳೆಲ್ಲ ಕೆದರಿ ತಿಂತಾ. ನಿಮ್ಮ ಹೊಲ ಇದ್ದಿದ್ದರೆ ಗೊತ್ತಾಗುತ್ತಿತ್ತು.

ಇಬ್ಬರು ಹುಡುಗರ ಅಮ್ಮ:
ಪರಚಿದ ವಿಷಯಕ್ಕೆ ಇನ್ನೂ ಕ್ಷಮೆ ಕೇಳಿಲ್ಲ ಅವರು.