ಅಪ್‌ಡೇಟ್: ಬಾಗುವ ಎಪಾಕ್ಸಿ ಯಾವುದು ಅಂತ ಕೇಳಿದ್ದೆನಲ್ಲ, ಬೋರ್ಡ್ ಮುಗಿಯಿತು

ದಾವಣಗೆರೆಯಲ್ಲಿ ಕೂತು ಥರ್ಮಕೋಲ್ ಮೇಲೆ ಸರ್ಫ್‌ಬೋರ್ಡ್ (ಕಡಲ ಅಲೆಯ ಮೇಲೆ ನಿಂತು ಜಾರುವ ಹಲಗೆ) ಮಾಡುತ್ತಿದ್ದೇನೆ, ಬಾಗಿದರೂ ಬಿರುಕು ಬಿಡದ ಎಪಾಕ್ಸಿ ಯಾವುದು ಅಂತ ಬೇಸಿಗೆಯಲ್ಲಿ ಕೇಳಿದ್ದೆ. ಎಪಾಕ್ಸಿ ಅಂದರೆ ರೆಸಿನ್, ಹಾರ್ಡನರ್ ಅಂತ ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು.

ಮೊದಲು ನನ್ನ ಪೆದ್ದುತನ. ಜಾಸ್ತಿ ಬಾಗಲಿ ಅಂತ ಹಾರ್ಡನರ್ ಸ್ವಲ್ಪ ಹೆಚ್ಚು ಸುರಿದೆ. ನಾಲ್ಕು ದಿನ ಆದರೂ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು, ಎಲ್ಲಾ ಕೆರೆದು ತೆಗೆಯಬೇಕಾಯಿತು. ಹೆಚ್ಚಾದ ಹಾರ್ಡನರ್‌ಗೆ ಸೇರಿಕೊಳ್ಳಲು ರೆಸಿನ್ ಇರುವುದಿಲ್ಲ, ಅದು ಒಳಗೆ ಸುಮ್ನೆ ಉಳಿದುಬಿಡುತ್ತದೆ. ಅಗ್ಗದ ಪಾಲಿಯೆಸ್ಟರ್ ರೆಸಿನ್ನನ್ನೂ ಒಂದು ತುಂಡಿಗೆ ಹಚ್ಚಿ ನೋಡಿದೆ. ಅದರಲ್ಲಿರುವ ಸ್ಟೈರೀನ್ ಅನ್ನೋ ದ್ರಾವಕ ಥರ್ಮಕೋಲನ್ನೇ ತಿಂದುಹಾಕಿತು!

ಕೊನೆಗೆ ಆರಿಸಿದ್ದು ಸಾದಾ ಲ್ಯಾಮಿನೇಟಿಂಗ್ ಎಪಾಕ್ಸಿ (ಗಾಜಿನ ನಾರಿನ ಬಟ್ಟೆಗೆ ಹಚ್ಚುವಂಥದ್ದು), ನಿಧಾನವಾಗಿ ಗಟ್ಟಿಮಾಡುವ ಹಾರ್ಡನರ್. ರಬ್ಬರಿನ ಹಾಗೆ ಬಾಗುವುದು ಬೇಡವೇ ಬೇಡ, ಹಿಮ್ಮಡಿ ಇಟ್ಟಲ್ಲೆಲ್ಲ ತಗ್ಗು ಬೀಳುತ್ತದೆ. ಬೋರ್ಡಿನ ಬಾಗು ಬರುವುದು ಹೆಚ್ಚಾಗಿ ಒಳಗಿನ ಥರ್ಮಕೋಲ್ ತಿರುಳು ಮತ್ತು ಆ ಗಾಜಿನ ಬಟ್ಟೆಯಿಂದ. ತೆಳ್ಳಗಿನ ಕೈಟ್‌ಬೋರ್ಡ್ (ದೊಡ್ಡ ಗಾಳಿಪಟ ಎಳೆಯುವ ಹಲಗೆ) ಜಾಸ್ತಿ ಬಳುಕುತ್ತದೆ, ಅದಕ್ಕೆ ಸ್ವಲ್ಪ ಬಳುಕುವ ಎಪಾಕ್ಸಿ ಹುಡುಕಿದರೆ ಅರ್ಥ ಇದೆ.

ನಮ್ಮೂರ ಬಿಸಿಲು ಗೊತ್ತಲ್ಲ, ಮಗ್ಗಿನಲ್ಲಿ ಒಟ್ಟಿಗೆ ಕಲಸಿಟ್ಟದ್ದು ಹೊಗೆ ಬಂದು ಗಟ್ಟಿಯಾಯಿತು. ಆಮೇಲೆ ಬೆಳಗಿನ ಜಾವ ಎದ್ದು ತೂಕದ ಯಂತ್ರದಲ್ಲಿ ಅಳೆದು ಸ್ವಲ್ಪ ಸ್ವಲ್ಪವೇ ಕಲಸಿದೆ, ಅಗಲದ ತಟ್ಟೆಯಲ್ಲಿ.

ಮುಂದಿನ ತಿಂಗಳು ಮಂಗಳೂರು ಹತ್ತಿರದ ಕಡಲೂರು ಮೂಲ್ಕಿಗೆ ಒಯ್ಯಬೇಕು. ಬಸ್ಸಿಗೆ ಹತ್ತಿಸಲು ಕಂಡಕ್ಟರ್ ಒಪ್ಪಬೇಕಲ್ಲ, ಅದೇ ಈಗ ಚಿಂತೆ.