ಪದಚರ್ಚೆ: ವಿನ್ಯಾಸದಲ್ಲಿ ‘ದೃಷ್ಟಿಕೋನ ಬದಲಿಸಿ’ ಎಂದರೆ ಏನು ಮಾಡಬೇಕು?

ವಿನ್ಯಾಸ ಕಲಿಸುವಾಗ ‘ಪರ್ಸ್ಪೆಕ್ಟಿವ್ ಶಿಫ್ಟ್’ ಎಂಬುದನ್ನು ‘ದೃಷ್ಟಿಕೋನ ಬದಲಿಸಿ’ ಎಂದರೆ ಅರ್ಥವೇನೋ ಆಗುತ್ತದೆ, ಕೆಲಸ ನಡೆಯುವುದಿಲ್ಲ. ದೃಷ್ಟಿಕೋನಕ್ಕೆ ಈಗ ಧೋರಣೆ, ಅಭಿಪ್ರಾಯ ಎಂಬ ಅರ್ಥವೇ ಮುಂದು. ಹಾಗಾಗಿ ಜನ ಕೂತಲ್ಲೇ ಅಭಿಪ್ರಾಯ ಹೇಳುತ್ತಾರೆ, ವಸ್ತುವನ್ನು ಕೈಗೆತ್ತಿಕೊಳ್ಳುವುದಿಲ್ಲ. ಈ ಒಂದು ಮಾತಿನಲ್ಲಿ ಅಡಗಿರುವ ಕೆಲಸಗಳು ಮೂರು.

ಒಂದು, ಕಣ್ಣಿನ ಜಾಗ ಬದಲಿಸುವುದು. ಅಳತೆ ಲೋಟದ ಗೆರೆ ಪಕ್ಕದಲ್ಲಿದ್ದರೆ ಸುರಿದು, ಬಗ್ಗಿ ನೋಡಿ, ಮತ್ತೆ ಸುರಿಯಬೇಕು. ನಿಂತವರ ಕಣ್ಣಿನಿಂದ ನೋಡಿ ಆಕ್ಸೊ (OXO) ಎಂಬ ಕಂಪನಿ ಮಾಡಿದ ಅಳತೆ ಲೋಟದಲ್ಲಿ ಒಳಗಡೆ ಓರೆಯಾದ ಪಟ್ಟಿಯಿದೆ, ಮೇಲಿನಿಂದಲೇ ಅಳತೆ ಓದಬಹುದು. ಇದಕ್ಕೆ ‘ನೋಟ’ ಹೊಂದುತ್ತದೆ, ತೊಡಕಿರುವುದು ಸಮಾಸದಲ್ಲಿ. ಮೇಲ್ನೋಟ ಎಂದರೆ ತೋರಿಕೆಗೆ, ಮುನ್ನೋಟ ಮುಂದಾಗುವುದಕ್ಕೆ, ಹಿನ್ನೋಟ ಕಳೆದುದಕ್ಕೆ ಸಂದುಬಿಟ್ಟಿವೆ. ‘ಮೇಲಿನಿಂದ ಕಂಡಂತೆ’, ‘ಎದುರಿನಿಂದ ಕಂಡಂತೆ’ ಎಂದು ಬಿಡಿಸಿ ಬರೆಯುವುದೇ ಲೇಸು.

ಎರಡನೆಯದು, ಬಳಸುವವರೇ ಆಗಿ ನೋಡುವುದು. ಅಮೆರಿಕದ ವಿನ್ಯಾಸಕಿ ಪೆಟ್ರೀಷಿಯಾ ಮೂರ್ 1979ರಿಂದ ಸುಮಾರು ಮೂರು ವರ್ಷ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಶುರುಮಾಡಿ, ಮುದುಕಿಯ ವೇಷದಲ್ಲಿ ಊರೂರು ಓಡಾಡಿದರು: ಮಸುಕು ಕನ್ನಡಕ, ಕಿವಿಗೆ ಬಿರಡೆ, ಬಾಗದಂತೆ ಕಟ್ಟಿದ ಕೀಲುಗಳು. ಇದನ್ನೇ ಸಣ್ಣ ಪ್ರಮಾಣದಲ್ಲಿ ಮಾಡಿನೋಡಲು ಎರಡು ಜೊತೆ ದಪ್ಪ ಕೈಗವಸು ತೊಟ್ಟು ಡಬ್ಬಿ ತೆರೆದರೂ ಸಾಕು, ಮುಚ್ಚಳದ ಅಂಚು ಎಲ್ಲಿ ಜಾರುತ್ತದೆಂದು ತಿಳಿಯುತ್ತದೆ. ಆದರೆ ಹತ್ತು ನಿಮಿಷದ ಅನುಕರಣೆಯಲ್ಲಿ ಅಸಹಾಯಕತೆಯೇ ದೊಡ್ಡದಾಗಿ ಕಾಣುತ್ತದೆ. ವರ್ಷಗಟ್ಟಲೆ ಹಾಗೆ ಬದುಕಿದವರ ಕೈಚಳಕ ಕಾಣುವುದಿಲ್ಲ. ಅವರನ್ನು ಕೇಳದೆ ಮುಂದುವರಿಯಬಾರದು. ‘ಸಹಾನುಭೂತಿ’ ಇಲ್ಲಿ ಬೇಡ, ಅದರಲ್ಲಿ ಕನಿಕರದ ವಾಸನೆಯಿದೆ. ನಟನೆಯ ಮಾತಿನಲ್ಲಿ ಪಳಗಿರುವ ‘ಪರಕಾಯ ಪ್ರವೇಶ’ವೇ ನನ್ನ ಆಯ್ಕೆ.

ಮೂರನೆಯದು, ಪ್ರಶ್ನೆಯನ್ನೇ ತಲೆಕೆಳಗು ಮಾಡುವುದು: ‘ಈ ಬಾಗಿಲನ್ನು ಯಾರೂ ತೆರೆಯಲಾಗದಂತೆ ಮಾಡುವುದು ಹೇಗೆ?’ ಹತ್ತು ನಿಮಿಷ ಕೆಟ್ಟ ಉಪಾಯಗಳನ್ನೇ ಬರೆದು, ಆಮೇಲೆ ಒಂದೊಂದನ್ನೂ ತಿರುಗಿಸಬೇಕು. ಎಡವುವುದು ತಿರುಗಿಸುವಾಗ. ‘ಹಿಡಿಕೆ ಕಾಣದಿರಲಿ’ ಎಂಬುದನ್ನು ‘ಕಾಣಲಿ’ ಎಂದಷ್ಟೇ ಮಾಡಿದರೆ ಹೊಸದೇನೂ ಹುಟ್ಟದು. ‘ಕತ್ತಲಲ್ಲೂ ಕೈಗೆ ಸಿಗಲಿ’ ಎನ್ನುವವರೆಗೆ ಎಳೆಯಬೇಕು.

ಈ ಮೂರನೆಯದಕ್ಕೇ ಪದ ಬೇಕಾಗಿದೆ. ‘ವಿಲೋಮ’ ಗಣಿತದ್ದು. ‘ತಿರುವುಮುರುವು’ ಎಂದರೆ ಎಡವಟ್ಟಾದಂತೆ ಕೇಳಿಸುತ್ತದೆ. ‘ಮಗುಚು’ ನನಗೆ ಇಷ್ಟ, ‘ಪ್ರಶ್ನೆ ಮಗುಚಿ ನೋಡಿ’ ಎಂದರೆ ಕೈಗೆ ಕೆಲಸ ಸಿಕ್ಕಂತಾಗುತ್ತದೆ. ದೋಣಿ ಮಗುಚುವುದರ ನೆನಪು ಅದಕ್ಕೆ ಅಡ್ಡಬರುತ್ತದೆಯೇ? ನಿಮ್ಮ ಕಡೆಯ ಮಾತಿನಲ್ಲಿ ಬೇಕೆಂದೇ ಬುಡಮೇಲು ಮಾಡುವುದಕ್ಕೆ ಬೇರೆ ಕ್ರಿಯಾಪದ ಇದೆಯೇ?